ವಾಪಸ್ ಕ್ಯಾಪ್ಟನ್

"ಎಡಕ್ಕೆ, ಎಡಕ್ಕೆ... ಅಯ್ಯೋ ನಿಮ್ಮ ಎಡಕ್ಕಲ್ಲ ಸ್ವಾಮಿ, ನನ್ನ ಎಡಕ್ಕೆ!"

ಪೆಟ್ಟಿಗೆಯ ಮೂಲೆ ಬಾಗಿಲ ಚೌಕಟ್ಟಿಗೆ ಬಡಿದು ನಿಂತಿತು. ಹಿಡಿದಿದ್ದವರು ಹಿಂದೆ ಸರಿದು ಅದನ್ನು ಓಣಿಯಲ್ಲೇ ಇಳಿಸಿದರು. ಬಡಗಿ ಹಣೆ ಒರೆಸಿಕೊಂಡು ಬಾಗಿಲನ್ನು ಮೇಲಿಂದ ಕೆಳಗೆ ನೋಡಿದ. ಪೆಟ್ಟಿಗೆ ಮಾಡಿದವನು ಅವನೇ. ಬಾಗಿಲ ಹಿಂದೆ ಒಂದು ಕಪಾಟಿದೆ, ಅದರಿಂದ ಬಾಗಿಲು ಪೂರ್ತಿ ತೆರೆಯುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಹೊಸ್ತಿಲವರೆಗೆ ಬಂದು ವಾಪಸ್ಸು," ಎಂದ ದೊಡ್ಡ ದೋಣಿಯ ಕ್ಯಾಪ್ಟನ್. "ಪೆಟ್ಟಿಗೇಗೂ ಅವನ ಬುದ್ಧೀನೇ ಬಂದಿದೆ ನೋಡ್ರಪ್ಪ."

ಯಾರೋ ನಕ್ಕು, ಅದನ್ನು ಕೆಮ್ಮು ಮಾಡಿಕೊಂಡರು. ಒಳಗೆ, ಕಿಟಕಿಯ ಪಕ್ಕದ ಮಂಚದ ಮೇಲೆ ಸತ್ತವನು ಮಲಗಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಅವನ ಬಿಸಿಲಿಗೆ ಕಂದಿದ ಕತ್ತು ಬೇರೆ ಯಾರದ್ದೋ ಎನ್ನುವಂತೆ ಕಾಣುತ್ತಿತ್ತು. ಅವನ ಹೆಂಡತಿ ತಲೆಯ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಅವಳಿಗೆ ಹೊರಗಿನ ಮಾತೆಲ್ಲ ಕೇಳುತ್ತಿತ್ತು, ಆದರೆ ಅವಳ ಕಿವಿ ಬೇರೆಲ್ಲೋ ಇತ್ತು.

"ಬಾಗಿಲೇ ಕಳಚಿಬಿಡ್ತೀನಿ," ಎಂದ ಬಡಗಿ.

"ಕಳಚು, ಕಳಚು. ಹೇಗೂ ಪುರುಸೊತ್ತಿದೆ," ಎಂದ ಅವಳ ತಮ್ಮ. "ಮಗರಾಯ ಬರೋವರೆಗೆ ಬೇಕಾದ್ರೆ ಇನ್ನೊಂದು ಬಾಗಿಲು ಮಾಡಿ ಕೂರ್ಸು."

"ಎಷ್ಟೊತ್ತಿಗೆ ಬರ್ತಾನೆ?" ಗಾಡಿಯ ಡ್ರೈವರ್ ಇಣುಕಿದ. "ನನಗೆ ಇನ್ನೊಂದು ಮನೆಗೂ ಹೋಗೋದಿದೆ. ಅವರೂ ಕಾಯ್ತಾ ಇರ್ತಾರೆ ಪಾಪ."

"ಅಪ್ಪನ ಹೆಣ ಮನೇಲಿಟ್ಕೊಂಡು ಟೂರಿಸ್ಟ್‌ಗಳನ್ನ ಮೀನು ಹಿಡಿಯೋಕೆ ಕರ್ಕೊಂಡು ಹೋದೋನು. ಅವನು ಯಾವಾಗ ಬರ್ತಾನೆ ಅಂತ ನನ್ನ ಕೇಳ್ತೀಯಲ್ಲ," ಎಂದ ತಮ್ಮ. "ಅಕ್ಕಾ, ನೀನಾದ್ರೂ ಬೇಡ ಅನ್ನಬಾರದಿತ್ತಾ?"

"ಬರ್ತಾನೆ," ಎಂದಳು ಅವಳು.

ಬೇಡ ಎನ್ನಬಹುದಿತ್ತು. ಬೆಳಗ್ಗೆ ದೋಣಿ ಕಟ್ಟುವ ಕಟ್ಟೆಯ ಬಳಿ ಒಂದು ಕಾರು ಬಂದು ನಿಂತು ಹಾರ್ನ್ ಹೊಡೆದಾಗ, ಮಗ ಎದ್ದು ಕಿಟಕಿಯಿಂದ ನೋಡಿದ್ದ. ಕಾರಿನ ತಲೆಯ ಮೇಲೆ ಗಾಳದ ಕೋಲುಗಳನ್ನು ಕಟ್ಟಿದ್ದರು. ಊರೂರು ಸುತ್ತುತ್ತ, ಮುಂದಿನ ಊರಿನ ದೋಣಿಯವರಿಗೆ ಮೊದಲೇ ಫೋನ್ ಮಾಡಿಕೊಂಡು ಬರುತ್ತಿದ್ದ ಸಂಸಾರ ಅದು. ಅವರಿಗೆ ಒಪ್ಪಿಕೊಂಡಿದ್ದವನು ಈಗ ಮಂಚದ ಮೇಲಿದ್ದ. ತಿಳಿಸಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

"ಅಪ್ಪ ಮಾತು ಕೊಟ್ಟಿದ್ದ," ಎಂದಿದ್ದ ಮಗ. "ಹೊರಗಿನ ಬಂಡೆವರೆಗೆ ಹೋಗಿ ಬಂದ್ಬಿಡ್ತೀನಿ. ಎತ್ತೋ ಹೊತ್ತಿಗೆ ಇಲ್ಲಿರ್ತೀನಿ."

ಹಾಗೆ ಹೇಳುವಾಗಲೂ ಅವನು ಮಂಚದ ಕಡೆ ನೋಡಿರಲಿಲ್ಲ. ರಾತ್ರಿಯಿಡೀ ಅವನು ಆ ಕೋಣೆಗೇ ಬಂದಿರಲಿಲ್ಲ. ಎಲ್ಲಿಗಾದರೂ ಹೋಗದಿದ್ದರೆ ಒಡೆದುಹೋಗುತ್ತಾನೆ ಎಂದು ಅವಳಿಗೆ ಅನ್ನಿಸಿತ್ತು. ಅದಕ್ಕೇ ಸುಮ್ಮನಿದ್ದಳು.

*

ಆ ಮನೆಯ ಅಡುಗೆಮನೆಯಿಂದ ಸಮುದ್ರ ಕಾಣುವುದಿಲ್ಲ, ಕೇಳುತ್ತದೆ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ನೀರಿನಡಿ ಮರಳಿನ ದಿಬ್ಬವಿದೆ. ಅದರ ಮೇಲೆ ಅಲೆ ಒಡೆಯುವ ಸದ್ದು ಹಗಲೂ ರಾತ್ರಿ ಇರುವಂಥದ್ದೇ. ಬೇರೆ ದೋಣಿಗಳು ಅಳಿವೆ ದಾಟುವಾಗ ಇಂಜಿನ್ ಜೋರು ಮಾಡುತ್ತವೆ. ಅವಳ ಗಂಡ ಮಾತ್ರ ಅಲ್ಲಿ ಇಂಜಿನ್ ನಿಲ್ಲಿಸುತ್ತಿದ್ದ. ದೋಣಿ ತೊಟ್ಟಿಲಿನಂತೆ ತೂಗುತ್ತಿದ್ದರೆ ಇವನು ಚುಕ್ಕಾಣಿ ಹಿಡಿದು, ತಲೆ ತಗ್ಗಿಸಿ ಕೇಳುತ್ತ ನಿಲ್ಲುತ್ತಿದ್ದ. ಬಂದವರಿಗೆ ಗಾಬರಿ.

"ಏನಾಯ್ತು ಕ್ಯಾಪ್ಟನ್? ಕೆಟ್ಟೋಯ್ತಾ?"

"ಸ್ವಲ್ಪ ಸುಮ್ನಿರಿ."

ಇಷ್ಟೇ. ಆಮೇಲೆ ಹೊರಗೆ ಹೋದರೆ ಹೋದ, ಇಲ್ಲದಿದ್ದರೆ ವಾಪಸ್. ಕೋಲು, ಬುಟ್ಟಿ, ಟೋಪಿ, ಮುಖಕ್ಕೆ ಬಳಿದ ಕ್ರೀಮು ಎಲ್ಲ ಸಮೇತ ಜನರನ್ನು ತಂದು ಕಟ್ಟೆಗೆ ಇಳಿಸಿಬಿಡುತ್ತಿದ್ದ. ಅದಕ್ಕೇ ಕಟ್ಟೆಯವರು ಅವನನ್ನು ವಾಪಸ್ ಕ್ಯಾಪ್ಟನ್ ಎಂದರು. ಮದುವೆಯ ದಿನ ಅವನು ಹುಡುಗಿಯನ್ನು ನೋಡಿ ಅರ್ಧ ದಾರಿಯಿಂದ ವಾಪಸ್ ಹೋಗಲಿಲ್ಲವಲ್ಲ, ಪುಣ್ಯ, ಎಂದು ಅವಳ ಎದುರೇ ಆಡಿಕೊಂಡರು. ಅವನೂ ನಗುತ್ತಿದ್ದ. "ಅಳಿವೆ ಇರ್ಲಿಲ್ವಲ್ಲ ದಾರೀಲಿ," ಎನ್ನುತ್ತಿದ್ದ.

ಅವಳು ಆ ಮೌನಕ್ಕೆ ಹೊಂದಿಕೊಂಡಿದ್ದಳು. ಇಂಜಿನ್ ನಿಂತದ್ದು ಕೇಳಿದೊಡನೆ ಅವಳ ಕೈ ಗ್ಯಾಸ್ ಒಲೆಯ ಗುಂಡಿಯ ಮೇಲೆ ಹೋಗಿ ಹಾಗೇ ಇರುತ್ತಿತ್ತು. ಸದ್ದು ಮತ್ತೆ ಹುಟ್ಟಿ ದೂರವಾದರೆ, ಅಡುಗೆಗೆ ಇನ್ನೂ ಹೊತ್ತಿದೆ ಎಂದು ಕೈ ತೆಗೆಯುತ್ತಿದ್ದಳು. ಸದ್ದು ಹತ್ತಿರವಾದರೆ ಗುಂಡಿ ತಿರುಗಿಸಿ ಒಲೆ ಹಚ್ಚುತ್ತಿದ್ದಳು. ಅವನು ಕೈಕಾಲು ತೊಳೆದು ಬರುವ ಹೊತ್ತಿಗೆ ತಟ್ಟೆ ಸಿದ್ಧ. "ನಿಂಗೆ ಹೇಗೆ ಗೊತ್ತಾಯ್ತು?" ಎಂದು ಅವನು ಎಂದೂ ಕೇಳಲಿಲ್ಲ.

ಈ ಬೆಳಗ್ಗೆ ಮಗನ ಇಂಜಿನ್ ಅಳಿವೆಯಲ್ಲಿ ನಿಲ್ಲಲಿಲ್ಲ. ಒಂದೇ ಉಸಿರಿಗೆ ದಾಟಿ ಹೋಯಿತು.

*

ಬಡಗಿ ಕೊನೆಯ ಸ್ಕ್ರೂ ತೆಗೆದ. ಇಬ್ಬರು ಹಿಡಿದು ಬಾಗಿಲನ್ನು ಹೊರಗಿನ ಗೋಡೆಗೆ ಒರಗಿಸಿದರು. ಪೆಟ್ಟಿಗೆ ಸಲೀಸಾಗಿ ಒಳಗೆ ಬಂತು. ಆಗಲೇ ಕಿಟಕಿಯಿಂದ ಗಾಳಿಯೂ ಬಂತು.

ಅವಳು ಪರದೆಯನ್ನು ನೋಡಿದಳು. ಬೆಳಗ್ಗೆ ಅದು ಕಿಟಕಿಯಿಂದ ಹೊರಕ್ಕೆ ಜೋಲುತ್ತಿತ್ತು. ಈಗ ಒಳಕ್ಕೆ ಉಬ್ಬಿ, ಸತ್ತವನ ಮೊಣಕೈಯನ್ನು ತಟ್ಟುತ್ತಿತ್ತು.

"ಗಾಳಿ ತಿರುಗಿದೆ," ಎಂದಳು.

ದೊಡ್ಡ ದೋಣಿಯ ಕ್ಯಾಪ್ಟನ್ ತಲೆ ಎತ್ತಿದ. ಅವನೂ ಪರದೆ ನೋಡಿದ. ಅವನ ಬಾಯಲ್ಲಿದ್ದ ಮುಂದಿನ ಜೋಕು ಅಲ್ಲೇ ಉಳಿಯಿತು.

ಅಷ್ಟರಲ್ಲಿ ಬಾಗಿಲಿಲ್ಲದ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕೈಯಲ್ಲಿ ಖಾಲಿ ನೀರಿನ ಬಾಟಲಿ.

"ಕ್ಷಮಿಸಿ, ಕುಡಿಯೋಕೆ ಸ್ವಲ್ಪ ನೀರು..." ಎಂದವಳು ಮಂಚವನ್ನೂ ಪೆಟ್ಟಿಗೆಯನ್ನೂ ಕಂಡು ಒಂದು ಹೆಜ್ಜೆ ಹಿಂದಿಟ್ಟಳು. "ಅಯ್ಯೋ. ಗೊತ್ತಾಗ್ಲಿಲ್ಲ. ಕಾರಲ್ಲಿ ಕೂತಿದ್ದೆ. ನನಗೆ ದೋಣಿ ಆಗಲ್ಲ, ವಾಂತಿ ಬರುತ್ತೆ. ನಮ್ಮ ಯಜಮಾನ್ರೂ ನಮ್ಮಪ್ಪನೂ ಹೋಗಿದಾರೆ."

ಸತ್ತವನ ಹೆಂಡತಿಯ ತಮ್ಮ ಬಾಟಲಿ ತೆಗೆದುಕೊಂಡು ಅಡುಗೆಮನೆಗೆ ಹೋದ.

"ಏನಾಗಿತ್ತು ಇವರಿಗೆ?" ಬಂದವಳು ಮೆಲ್ಲಗೆ ಕೇಳಿದಳು.

"ಎದೆ," ಎಂದ ಬಡಗಿ. "ಬಲೆ ಹೊಲೀತಾ ಕೂತಿದ್ದ ಹಾಗೇ. ಒಳ್ಳೆ ಕ್ಯಾಪ್ಟನ್ನು."

"ಕ್ಯಾಪ್ಟನ್ನಾ?" ಅವಳ ಕಣ್ಣು ಗೋಡೆಯ ಮೊಳೆಗೆ ನೇತುಹಾಕಿದ್ದ ಟೋಪಿಯ ಮೇಲೆ ನಿಂತಿತು. "ನಾವು ಫೋನಲ್ಲಿ ಮಾತಾಡಿದ್ದು ವಯಸ್ಸಾದವರ ಹತ್ರ. ಗಾಳಿ ಸರಿಯಿದ್ರೆ ಕರ್ಕೊಂಡು ಹೋಗ್ತೀನಿ, ಇಲ್ಲಾಂದ್ರೆ ವಾಪಸ್ ತಂದು ಬಿಡ್ತೀನಿ, ಬೈಕೋಬೇಡಿ ಅಂದ್ರು. ಅದು ಕೇಳೇ ನಾನು ನಮ್ಮಪ್ಪನ್ನ ಕಳಿಸೋಕೆ ಒಪ್ಪಿದ್ದು." ಅವಳು ಮಂಚದ ಕಡೆ ತಿರುಗಿದಳು. "ಮತ್ತೆ... ಅವರು ಈಗ ಯಾರ ಜೊತೆ ಹೋಗಿದಾರೆ?"

"ನನ್ನ ಮಗನ ಜೊತೆ," ಎಂದಳು ಸತ್ತವನ ಹೆಂಡತಿ.

"ಅವರಿಗೂ ಹೀಗೇ... ಎಲ್ಲಾ ಬರುತ್ತಾ?"

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನಂತೆ ದೊಡ್ಡ ದೋಣಿಯ ಕ್ಯಾಪ್ಟನ್ ಎದ್ದು ನಿಂತ. "ಕಟ್ಟೆ ಹತ್ರ ಹೋಗಿ ನೋಡ್ಕೊಂಡು ಬರ್ತೀನಿ," ಎಂದು ಚಪ್ಪಲಿ ಹುಡುಕಿದ. ಒಂದು ಅವನದು, ಒಂದು ಬೇರೆ ಯಾರದ್ದೋ ಮೆಟ್ಟಿಕೊಂಡು ಇಳಿಜಾರಿನಲ್ಲಿ ಬೇಗ ಬೇಗ ನಡೆದ.

*

ಕಳೆದ ತಿಂಗಳು ಮಗ ಮೊದಲ ಬಾರಿಗೆ ತಾನೇ ಗಿರಾಕಿಗಳನ್ನು ಹಿಡಿದು ತಂದಿದ್ದ. ಒಂದೇ ಆಫೀಸಿನ ಗೆಳೆಯರು, ಎರಡು ಕಾರು ತುಂಬ ನಗು. ಆಕಾಶ ತೊಳೆದಿಟ್ಟ ಹಾಗಿತ್ತು. ಅಪ್ಪ ಅಳಿವೆಯಲ್ಲಿ ಇಂಜಿನ್ ನಿಲ್ಲಿಸಿದ, ಕೇಳಿದ, ತಿರುಗಿಸಿದ.

ಕಟ್ಟೆಯ ಮೇಲೆ, ಎಲ್ಲರ ಎದುರು, ಮಗ ಬಾಯಿಗೆ ಬಂದದ್ದು ಅಂದುಬಿಟ್ಟ. "ಸಮುದ್ರ ಏನು ನಿನ್ನ ಕಿವೀಲಿ ಬಂದು ಪಿಸುಗುಟ್ಟುತ್ತಾ? ಹೆದರ್ತೀಯ ಅಂತ ಒಪ್ಕೋ. ಹೆದರ್ಕೊಂಡೇ ಮುದುಕ ಆಗಿದೀಯ. ನನ್ನನ್ನೂ ಹಾಗೇ ಮಾಡ್ಬೇಡ."

ಆ ಗೆಳೆಯರನ್ನು ದೊಡ್ಡ ದೋಣಿ ಕರೆದೊಯ್ದಿತು. ಏನೂ ಆಗಲಿಲ್ಲ. ಸಂಜೆ ಬುಟ್ಟಿ ತುಂಬ ಮೀನು, ಮೊದಲಿಗಿಂತ ಜೋರು ನಗು ಹೊತ್ತು ಬಂದರು. ಮಗ ಅದನ್ನು ಅಪ್ಪನಿಗೆ ತೋರಿಸಲಿಲ್ಲ. ತೋರಿಸುವ ಅಗತ್ಯವೂ ಇರಲಿಲ್ಲ.

ಅಂದು ಗಂಡ ತಟ್ಟೆಯ ಮುಂದೆ ಬಹಳ ಹೊತ್ತು ಕೂತಿದ್ದ. "ಅವನು ಹೇಳೋದೇ ಸರಿ ಇರಬಹುದು," ಎಂದ. "ಅಲ್ಲಿ ನಿಂತಾಗ ನನಗೆ ಏನು ಕೇಳುತ್ತೆ ಅಂತ ನನಗೇ ಗೊತ್ತಿಲ್ಲ ಕಣೆ. ಏನೋ ಒಂಥರಾ ಆಗುತ್ತೆ. ಆಮೇಲೆ ಮುಂದೆ ಹೋಗೋಕೆ ಕೈ ಬರಲ್ಲ. ಅಷ್ಟೇ."

"ಅದನ್ನೇ ಅವನಿಗೆ ಹೇಳಿ," ಎಂದಿದ್ದಳು.

"ಹೇಳಿದ್ರೆ ಇನ್ನೂ ನಗ್ತಾನೆ."

ಅಪ್ಪ ಮಗ ಆಮೇಲೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ಅವಳ ಮೂಲಕ ಕೇಳುತ್ತಿದ್ದರು. ಈಗ ಹೇಳುವವನೂ ಇಲ್ಲ.

*

ಅವಳು ಕಟ್ಟೆಗೆ ಬಂದಾಗ ಅರ್ಧ ಓಣಿ ಅಲ್ಲೇ ನೆರೆದಿತ್ತು. ಮನೆಯಲ್ಲಿ ಹೆಣದ ಬಳಿ ತಮ್ಮನನ್ನು ಬಿಟ್ಟು ಬಂದಿದ್ದಳು. ನೀರು ಕೇಳಲು ಬಂದಿದ್ದ ಹೆಂಗಸು ಅವಳ ತೋಳು ಹಿಡಿದಿದ್ದಳು. ಯಾವಾಗ ಹಿಡಿದಳೋ ಇಬ್ಬರಿಗೂ ಗೊತ್ತಿರಲಿಲ್ಲ.

ಕಟ್ಟೆಯಿಂದ ಅಳಿವೆ ಕಾಣುವುದಿಲ್ಲ, ನಡುವೆ ಕಲ್ಲುಗುಡ್ಡವಿದೆ. ಆ ಗುಡ್ಡದ ನೆತ್ತಿಯ ಮೇಲಿಂದ ಆಗಾಗ ಬಿಳಿ ತುಂತುರು ಏಳುತ್ತಿತ್ತು.

"ಫೋನ್ ಹೋಗ್ತಾ ಇಲ್ಲ," ಎಂದಳು ಹೆಂಗಸು. "ಇಬ್ಬರದ್ದೂ."

"ಅಲ್ಲಿ ಸಿಗಲ್ಲಮ್ಮ," ಎಂದ ದೊಡ್ಡ ದೋಣಿಯ ಕ್ಯಾಪ್ಟನ್. ಆಮೇಲೆ ಸತ್ತವನ ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿದ. "ಅತ್ತಿಗೆ, ಈಗ ಒಳಗೆ ಬರೋನು ಹೊರಗಡೆನೇ ನಿಂತು, ದೊಡ್ಡ ಅಲೆಗಳನ್ನ ಮುಂದೆ ಬಿಟ್ಟು, ಅದರ ಹಿಂದೆ ಬರಬೇಕು. ಅಲೆ ಬೆನ್ನಿಗೆ ಬಿದ್ರೆ ಸಣ್ಣ ದೋಣಿ ಅಡ್ಡ ತಿರುಗಿ ಮಗುಚ್ಕೊಳ್ಳುತ್ತೆ."

"ಅವನಿಗೆ ಗೊತ್ತಲ್ವಾ?"

"ಜೋರಾಗಿ ಹೊಡ್ಕೊಂಡು ನುಗ್ಗಿಬಿಡು ಅಂತ ನಾನೇ ಹೇಳ್ಕೊಟ್ಟಿದೀನಿ. ಅಪ್ಪನ ಥರ ನಿಂತು ನಗೆಪಾಟಲಾಗ್ಬೇಡ ಅಂತ." ಅವನು ಗುಡ್ಡವನ್ನೇ ನೋಡುತ್ತಿದ್ದ. "ನನ್ನ ದೋಣಿಗೆ ಅದು ನಡೆಯುತ್ತೆ. ಅದು ಭಾರದ ದೋಣಿ. ಇದಕ್ಕೆ..."

"ನೀವು ಹೋಗೋಕಾಗಲ್ವಾ?"

"ನನ್ನ ದೋಣಿ ಹಗ್ಗ ಬಿಚ್ಚೋಕೆ ಹೇಳಿದೀನಿ."

ಆಗ ಇಂಜಿನ್ನಿನ ಸದ್ದು ಕೇಳಿತು. ಗಾಳಿಯ ಮೇಲೆ ಬಂದು, ಹೋಗಿ, ಮತ್ತೆ ಬಂತು. ಅವಳಿಗೆ ಆ ಸದ್ದು ಗೊತ್ತಿತ್ತು. ಅದು ಜೋರಾಗಿತ್ತು, ಓಡಿ ಬರುತ್ತಿರುವವನ ಏದುಸಿರಿನ ಹಾಗೆ. ಗುಡ್ಡದ ಆಚೆ ಅದು ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ದೊಡ್ಡ ದೋಣಿಯ ಕ್ಯಾಪ್ಟನ್ ಎರಡೂ ಕೈ ಎತ್ತಿ, ಕಾಣದವನಿಗೆ ನಿಲ್ಲು ನಿಲ್ಲು ಎನ್ನುವಂತೆ ಬೀಸಿದ.

ಸದ್ದು ಕತ್ತರಿಸಿದಂತೆ ನಿಂತಿತು.

"ಮುಳುಗಿತು!" ಹಿಂದಿನಿಂದ ಯಾರೋ ಅಂದರು.

ಹೆಂಗಸಿನ ಉಗುರುಗಳು ಅವಳ ತೋಳಿಗೆ ನಾಟಿದವು. "ಕೆಟ್ಟೋಯ್ತಾ? ಇಂಜಿನ್ ಕೆಟ್ಟೋಯ್ತಾ? ಏನಾದ್ರೂ ಹೇಳಿ!"

"ಸ್ವಲ್ಪ ಸುಮ್ನಿರಿ," ಎಂದಳು ಸತ್ತವನ ಹೆಂಡತಿ.

ಅವಳ ಇನ್ನೊಂದು ಕೈಯ ಬೆರಳುಗಳು ಗಾಳಿಯಲ್ಲಿ, ಒಲೆಯ ಗುಂಡಿಯನ್ನು ಹಿಡಿದಂತೆ ಮಡಚಿಕೊಂಡಿದ್ದವು. ಅಲೆ ಒಡೆಯಿತು. ತುಂತುರು ಎದ್ದು ಬಿತ್ತು. ಇನ್ನೊಂದು ಒಡೆಯಿತು, ಮೊದಲಿನದಕ್ಕಿಂತ ದೊಡ್ಡದು. ಆಮೇಲೆ ಮತ್ತೊಂದು. ಕಟ್ಟೆಯ ಮೇಲೆ ಒಂದು ಮಗು ಏನೋ ಕೇಳಿತು, ತಾಯಿ ಅದರ ಬಾಯಿ ಮುಚ್ಚಿದಳು.

ಇಂಜಿನ್ ಮತ್ತೆ ಶುರುವಾಯಿತು. ಮೆಲ್ಲಗೆ, ತಗ್ಗಿದ ದನಿಯಲ್ಲಿ. ಗುಡ್ಡದ ತಿರುವಿನಲ್ಲಿ ಮೊದಲು ಒಂದು ದೊಡ್ಡ ಅಲೆ ಒಳಗೆ ಬಂದು ಸೋತು ಹರಡಿತು. ಅದರ ಹಿಂದೆ, ಅದನ್ನು ಮುಂದೆ ಕಳಿಸಿ ತಾನು ನಿಧಾನವಾಗಿ ಹಿಂಬಾಲಿಸಿದಂತೆ, ದೋಣಿ ಬಂತು.

ಹಗ್ಗ ಹಿಡಿದು ಕಟ್ಟಿದವನು ದೊಡ್ಡ ದೋಣಿಯ ಕ್ಯಾಪ್ಟನ್ನೇ. ಮುದುಕ ಮೊದಲು ಇಳಿದ, ತೊಯ್ದು ತೊಪ್ಪೆಯಾಗಿ, ಸಿಟ್ಟಿನಲ್ಲಿ.

"ಇದೇನು ಕ್ಯಾಪ್ಟನ್ ರೀ ಇವನು! ಆಗಷ್ಟೇ ಒಂದು ಕಚ್ಚಿತ್ತು. ಗಾಳಿ ಬೀಸ್ತು ಅಂತ ತಿರುಗಿಸಿಬಿಟ್ಟ. ಬಂಡೆ ಕಣ್ಣಿಗೂ ಬೀಳ್ಲಿಲ್ಲ. ಇಲ್ಲಿ ಹೊಳೆ ಬಾಗಿಲಿಗೆ ಬಂದು ಇಂಜಿನ್ ಆಫ್ ಮಾಡಿ ಕೂತ್ಕೊಂಡ, ಯಾಕಪ್ಪಾ ಅಂದ್ರೆ..."

ಮಗಳು ಅವನನ್ನು ಅಪ್ಪಿಕೊಂಡು ಬಿಕ್ಕಿದಾಗ ಅವನು ಮಾತು ಮರೆತ. ಅಳಿಯನ ಮುಖ ಸುಣ್ಣ ಬಳಿದಂತಿತ್ತು.

ಮಗ ತಾಯಿಯ ಮುಂದೆ ಬಂದು ನಿಂತ. ಅವನ ಅಂಗಿಯಿಂದ ನೀರು ಸುರಿಯುತ್ತಿತ್ತು.

"ನಿಂತೆ ಅಮ್ಮ," ಎಂದ. "ಆದ್ರೆ ನನಗೇನೂ ಕೇಳಿಸ್ಲಿಲ್ಲ. ಬರೀ ಹೆದರಿಕೆ ಆಯ್ತು. ಅಪ್ಪನಿಗೆ ಅಲ್ಲಿ ಏನು ಕೇಳಿಸ್ತಿತ್ತು?"

"ಅವರಿಗೂ ಗೊತ್ತಿರ್ಲಿಲ್ಲ," ಎಂದಳು. "ಬಾ. ಪೆಟ್ಟಿಗೆ ಬಂದಿದೆ."

*

ಬಟ್ಟೆ ಬದಲಿಸಲು ಅವನು ಒಪ್ಪಲಿಲ್ಲ. ಮಂಚದ ಬಳಿ ಹೋಗಿ ಅಪ್ಪನ ಮುಖ ನೋಡಿದ. ಪರದೆಯನ್ನು ಎತ್ತಿ ಕಿಟಕಿಯ ಕೊಕ್ಕೆಗೆ ಸಿಕ್ಕಿಸಿದ. ಮುಚ್ಚಳ ಬಿಗಿದ ಮೇಲೆ ಪೆಟ್ಟಿಗೆಯ ಮುಂದಿನ ತುದಿಗೆ ಹೆಗಲು ಕೊಟ್ಟ. ಪಕ್ಕಕ್ಕೆ ದೊಡ್ಡ ದೋಣಿಯ ಕ್ಯಾಪ್ಟನ್, ಹಿಂದೆ ಮಾವನೂ ಬಡಗಿಯೂ.

"ಎತ್ತಿ," ಎಂದ ಬಡಗಿ. "ಈ ಸಲ ತಾಗಲ್ಲ. ನೇರ ಹೋಗಿ."

ಬಾಗಿಲಿಲ್ಲದ ಚೌಕಟ್ಟಿನ ಆಚೆ ಓಣಿ ತುಂಬ ಜನ. ಕಾರಿನವರೂ ಬರಿದಲೆಯಲ್ಲಿ ನಿಂತಿದ್ದರು. ಗಾಡಿಯ ಡ್ರೈವರ್ ಹಿಂಬಾಗಿಲು ತೆರೆದು ಹಿಡಿದಿದ್ದ.

ಹೊಸ್ತಿಲ ಮೇಲೆ ಬಂದು ಮಗ ನಿಂತುಬಿಟ್ಟ.

"ಏನಾಯ್ತು?" ಹಿಂದಿನಿಂದ ಮಾವ ಕೇಳಿದ. "ಭಾರ ಆಯ್ತಾ? ಇಳಿಸೋದಾ?"

"ಶ್," ಎಂದ ದೊಡ್ಡ ದೋಣಿಯ ಕ್ಯಾಪ್ಟನ್.

ಮಗ ತಲೆ ತಗ್ಗಿಸಿ ನಿಂತಿದ್ದ. ಅವನ ತೋಳಿನಿಂದ ನೀರು ತೊಟ್ಟಿಕ್ಕಿ ಹೊಸ್ತಿಲ ಮೇಲೆ ಬೀಳುತ್ತಿತ್ತು. ಓಣಿಯಲ್ಲಿ ಯಾರೂ ಕದಲಲಿಲ್ಲ. ದೂರದಲ್ಲಿ ಅಲೆ ಒಡೆಯಿತು, ಇನ್ನೊಂದು ಒಡೆಯಿತು, ಆಮೇಲೆ ಸ್ವಲ್ಪ ಹೊತ್ತು ಒಡೆಯಲಿಲ್ಲ.

ಅವನು ಹೆಜ್ಜೆ ಎತ್ತಿ ಹೊರಗಿಟ್ಟ.

ಕೋಣೆಯಲ್ಲಿ ಅವಳು ಒಬ್ಬಳೇ ಉಳಿದಿದ್ದಳು, ಬೆರಳುಗಳು ಹಾಗೇ ಮಡಚಿಕೊಂಡು. ಹೆಜ್ಜೆಗಳ ಸದ್ದು ಓಣಿಯ ಇಳಿಜಾರಿನಲ್ಲಿ ದೂರವಾಯಿತು, ಇನ್ನೂ ದೂರವಾಯಿತು. ಆಗ ಅವಳು ಮೆಲ್ಲಗೆ ಕೈ ಬಿಡಿಸಿದಳು.