ತಾಯಪ್ಪನ ಲಾರಿಯ ಕರಿಹೊಗಿ

ಗಾಡಿ ಯಾಕ ಕೆಟ್ಟಿತು ಅಂತ ತಿಳೀದಿದ್ರ ಬಾಷುಮಿಯಾನಿಗೆ ಉಂಡ ಅನ್ನ ಕರಗ್ತಿರಲಿಲ್ಲ. ಶಹಾಪುರದಾಗ ಅವನ ಗ್ಯಾರೇಜಿಗೆ ಬಂದವರಿಗೆ ರಿಪೇರಿಯಾದ್ರ ಸಾಕು, ಇವನಿಗೆ ಕಾರಣಾನೂ ಬೇಕು. ಇವತ್ತು ಮುಂದ ಕರಿಹೊಗಿ ಉಗುಳ್ತಾ ನಿಂತಿದ್ದು ತಾಯಪ್ಪನ ಲಾರಿ. ನಾಳೆ ಯಾದಗಿರಿಯಾಗ ಹೊಗಿ ತಪಾಸಣಿ. ಫೇಲಾದ್ರ ಗಾಡಿ ರೋಡಿಗಿಳಿಯಂಗಿಲ್ಲ, ಕೆನಾಲ್ ಸೀಮಿ ತುಂಬ ಭತ್ತದ ಕೊಯ್ಲು ನಡದದ. ಈ ಸುಗ್ಗಿ ತಪ್ಪಿದ್ರ ತಾಯಪ್ಪನ ವರ್ಷವೇ ಹೋದಂಗ.

ಆ ಲಾರಿ ಕಂಪನಿಯಿಂದ ಬಂದಂಗ ಉಳಿದಿರಲಿಲ್ಲ ಬಿಡ್ರಿ. ಒಮ್ಮೆ ಕೆನಾಲ್ ನೀರು ಹರಿಯೋ ಹಳ್ಳದಾಗ ಇಂಜಿನ್ ನೀರು ಕುಡಿದು, ತಾಯಪ್ಪ ಗಾಡಿ ಸಮೇತ ಕೊಚ್ಚಿಹೋಗೋದು ಸ್ವಲ್ಪದರಾಗ ತಪ್ಪಿತ್ತು. ಆಮ್ಯಾಲೆ ಬಾಷುಮಿಯಾನೇ ಗಾಳಿ ಎಳಕೊಳ್ಳೋ ಪೈಪನ್ನ ಕ್ಯಾಬಿನ್ನಿನ ನೆತ್ತಿತನಕ ಎತ್ತಿ ಬೆಸುಗಿ ಹಾಕಿದ್ದ. ಕೆಸರಾಗ ಲೋಡ್ ಎಳೀವಲ್ದು ಅಂತ ತಾಯಪ್ಪ ಪ್ರತಿ ಸುಗ್ಗಿಗೂ ಬಂದು, ಡೀಸೆಲ್ ಜಾಸ್ತಿ ಹೋಗಲಿ ಅಂತ ಪಂಪಿನ ಸ್ಕ್ರೂ ಇವನ ಕೈಲೆ ಇನ್ನಷ್ಟು ತಿರುವಿಸ್ತಿದ್ದ.

ಬಾಷುಮಿಯಾ ಆ ಸ್ಕ್ರೂ ಹಿಂದಕ್ಕ ತಿರುವಿದ. ಸೈಲೆನ್ಸರ್ ಮುಂದ ಬಿಳಿ ಅರಿವಿ ಹಿಡದು, "ರೇಸ್ ಕೊಡೋ ತಾಯಪ್ಪ" ಅಂದ. ಅರಿವಿ ಮಸಿ ಆತು. ಡೀಸೆಲ್ ಚಿಮ್ಮೋ ನಾಜಲ್ ತೊಳದ, ಫಿಲ್ಟರ್ ಬದಲಿ ಮಾಡ್ದ. ಮತ್ತ ಮಸಿ!

"ಯಾ ಅಲ್ಲಾ, ಡೀಸೆಲ್ ಕಡಿಮಿ ಆದ್ರೂ ಉರೀವಲ್ದು ಅಂದ್ರ ಗಾಳಿ ಎಲ್ಲಿ ಹೋತು?" ಅಂತ ಏಣಿ ಹಾಕಿ ಪೈಪಿನ ತುದಿ ನೋಡಿದ. ಪೈಪಿನ ತಗಡಿನ ಟೋಪಿಯ ಕೆಳಗ, ಗಾಳಿ ಹೋಗೋ ಬಾಯಿಗೆ ಬಿಗಿದ ಹಸಿರು ಬಟ್ಟಿ. ಅದರ ಕೆಳಗ ಇನ್ನೊಂದು, ಮತ್ತೊಂದು. ಭತ್ತದ ಧೂಳು ಕೂತು ಒಣರೊಟ್ಟಿಯಂಗ ಬಿರುಸಾಗಿದ್ವು.

"ಯಾರ್ ಕಟ್ಯಾರೋ ಇವನ್ನ?"

"ನಮ್ಮವ್ವ ರೀ. ಪ್ರತಿ ಸುಗ್ಗಿಗೂ ಗೋಗಿ ದರ್ಗಾದಿಂದ ತಂದು ಕಟ್ತಾಳ. ಇಂಜಿನ್ನಿಗೆ ನೀರು ಹೊಕ್ಕಿದ್ದು ಈ ಪೈಪಿನಾಗಿಂದೇ ಅಲ್ಲೇನು, ಇಲ್ಲೇ ಕಾವಲಿರಲಿ ಅಂತ. ಹಳೇದು ಬಿಚ್ಚಂಗಿಲ್ಲ."

ಬಾಷುಮಿಯಾ ಏಣಿ ಮ್ಯಾಲೇ ನಕ್ಕುಬಿಟ್ಟ. ಬಟ್ಟಿ ಒಂದೊಂದು ಏರಿದಂಗ ಗಾಡಿಗಿ ಉಸಿರು ಕಡಿಮಿ, ಉಸಿರು ಕಡಿಮಿ ಆದಂಗ ತಾನೇ ಸ್ಕ್ರೂ ತಿರುವಿ ಡೀಸೆಲ್ ಜಾಸ್ತಿ ಮಾಡಿದ್ದ! ಚಾಕು ತಗೊಂಡ. ಆದ್ರ ಕೈ ಏಳಲಿಲ್ಲ. ಬಾಷುಮಿಯಾ ಕೂಸಿದ್ದಾಗ ಅವನ ತೊಟ್ಟಿಲಿಗೂ ಅವನವ್ವ ಅಲ್ಲಿಂದಲೇ ಬಟ್ಟಿ ತಂದು ಕಟ್ಟಿದ್ದಳು.

"ಕಟ್ಟಿದವರೇ ಬಿಚ್ಚಬೇಕು. ನಿಮ್ಮವ್ವನ ಕರ್ಕೊಂಡ್ ಬಾ."

ತಾಯಪ್ಪನವ್ವ ಗೊಲ್ಲಾಳಮ್ಮ ಆಟೋ ಇಳಿದಾಕಿನೇ ಹರಿಹಾಯ್ದಳು. "ನಿನ್ನ ಮಾತು ಕೇಳಿ ಬಿಚ್ತೀನಿ, ನಾಳೆ ನನ್ ಮಗ ನೀರಾಗ ಹೋದ್ರ ನೀ ತಂದ್ ಕೊಡ್ತೀಯೇನು?"

"ಆತು ಬಿಡಬೇ ಯವ್ವಾ. ಸೆರಗು ಮಡಚಿ ಬಾಯಿ ಮೂಗು ಗಟ್ಟಿ ಮುಚ್ಕೊಂಡು ಈ ಏಣಿ ಹತ್ತು, ನೋಡೋಣು," ಅಂದ ಬಾಷುಮಿಯಾ.

ಇದ್ಯಾವ ದೊಡ್ಡ ಕೆಲಸ ಅಂತ ಹಟಕ್ಕ ಬಿದ್ದು ಹತ್ತಿದಳು. ನಡುವ ಹೋಗೂದ್ರಾಗ ತೇಕು ಹತ್ತಿ ಸೆರಗು ಕಿತ್ತೊಗೆದಳು. ಪೈಪಿನ ಕಡಿ ನೋಡ್ತಾ ನಿಂತಳು.

"ಇಷ್ಟ್ ವರ್ಷ ನಾನೇ ಇದರ ಉಸಿರು ಕಟ್ಟೀನೇನೋ, ಬಾಷಾ?"

ಬಾಷುಮಿಯಾ ಏಣಿ ಗಟ್ಟಿ ಹಿಡಕೊಂಡ. ಆಕಿ ತುದಿತನಕ ಹತ್ತಿ ಒಂದೊಂದೇ ಗಂಟು ಬಿಚ್ಚಿ ಬಟ್ಟಿಗಳನ್ನ ಉಡಿಯಾಗ ಹಾಕ್ಕೊಂಡಳು. ತಾಯಪ್ಪ ರೇಸ್ ಕೊಟ್ಟ. ಬಿಳಿ ಅರಿವಿಗೆ ಅಂಟಿದ್ದು ಒಂಚೂರು ಬೂದಿಬಣ್ಣ ಅಷ್ಟೇ.

ಮರುದಿನ ತಾಯಪ್ಪ ಯಾದಗಿರಿಯಾಗ ಪಾಸ್ ಮಾಡಿಸ್ಕೊಂಡು, ಸೀದಾ ಭತ್ತದ ಲೋಡಿಗೆ ಹೊಂಟ. ಗೊಲ್ಲಾಳಮ್ಮ ದಾರ್‍ಯಾಗ ತರುಬಿ, ಪೈಪಿನಿಂದ ಬಿಚ್ಚಿ ತೊಳೆದಿಟ್ಟಿದ್ದ ಹಸಿರು ಬಟ್ಟಿಯೊಂದನ್ನ ಅವನ ರಟ್ಟಿಗೆ ಕಟ್ಟಿ, ಹಲ್ಲು ಕಚ್ಚಿ ಗಂಟು ಎಳದಳು.

"ಯವ್ವಾ, ಬಿಗಿ ಆತು."

ಆಕಿ ಕೈ ನಿಂತಿತು. ಗಂಟು ಬಿಚ್ಚಿ, ತನ್ನ ಬೆರಳು ಒಳಗ ಹೋಗುವಷ್ಟು ಸಡಿಲ ಬಿಟ್ಟು ಮತ್ತ ಕಟ್ಟಿದಳು.