ಕೆಂಡ ಆರುವ ಮೊದಲೇ ಹೊತ್ತೊಯ್ದ ಗಾಡಿ

ಇಸ್ತ್ರಿಪೆಟ್ಟಿಗೆಯೊಳಗಿನ ಕೆಂಡ ಇನ್ನೂ ಆರಿರಲಿಲ್ಲ. ಅಷ್ಟರಲ್ಲೇ ನಗರಸಭೆಯ ಲಾರಿ ಬಂತು. ಧಡಧಡನೆ ಇಳಿದವರು ಇಸ್ತ್ರಿ ಅಕ್ಕನ ತಳ್ಳುಗಾಡಿಯನ್ನು ಬಟ್ಟೆ ಸಮೇತ ಎತ್ತಿ ಲಾರಿಗೆ ಹಾಕಿದರು.

"ತಾಳಿ ಸ್ವಾಮಿ, ಪೆಟ್ಟಿಗೇಲಿ ಕೆಂಡ ಇದೆ" ಎಂದು ಆಕೆ ಕೂಗಿಕೊಂಡಳು. ಯಾರು ಕೇಳುತ್ತಾರೆ? ಲಾರಿ ಹೋಗಿಯೇಬಿಟ್ಟಿತು. ವರ್ಷಗಟ್ಟಲೆ ಅದೇ ಮರದ ಕೆಳಗೆ ನಿಂತು ಇಡೀ ಬೀದಿಯ ಸುಕ್ಕು ಬಿಡಿಸಿದವಳಿಗೆ ಒಂದು ಮಾತು ಹೇಳುವಷ್ಟು ಸೌಜನ್ಯವೂ ಆ ಮಹಾನುಭಾವರಿಗೆ ಇರಲಿಲ್ಲ.

ಮನೆಯಲ್ಲಿ ಗಂಡ ತಲೆ ಮೇಲೆ ಕೈಹೊತ್ತು ಕೂತ. "ಸರ್ಕಾರದೋರ ಜೊತೆ ಗುದ್ದಾಡೋಕಾಗುತ್ತಾ? ಸುಮ್ನೆ ಬೇರೆ ಕೆಲಸ ನೋಡ್ಕೋ."

"ಕಂಡೋರ ಬಟ್ಟೆ ಅದು. ಅವರಿಗೆಲ್ಲ ಹೇಗೆ ಮುಖ ತೋರಿಸ್ಲಿ?" ಆಕೆಗೆ ಮೈಯೆಲ್ಲ ಉರಿಯುತ್ತಿತ್ತು.

ಸಂಜೆ ಹಿಂದಿನ ಬೀದಿಯ ವಕೀಲಮ್ಮ ತಮ್ಮ ಕರಿ ಕೋಟು ಕೇಳಿಕೊಂಡು ಬಂದರು. ನಡೆದದ್ದು ಕೇಳಿ ಹೊಸಿಲಲ್ಲೇ ನಿಂತರು.

"ಮೊದಲೇ ನೋಟಿಸ್ ಕೊಟ್ಟಿದ್ರಾ?"

"ನೋಟಿಸೂ ಇಲ್ಲ, ಗೀಟಿಸೂ ಇಲ್ಲ" ಎಂದ ಗಂಡ. "ಫುಟ್‌ಪಾತ್ ನಮ್ಮಪ್ಪಂದಲ್ವಲ್ಲ ಮೇಡಂ."

"ಅವರಪ್ಪಂದೂ ಅಲ್ಲ" ಎಂದರು ವಕೀಲಮ್ಮ. "ಹಿಂದೆ ಫುಟ್‌ಪಾತಲ್ಲೇ ಬದುಕ್ತಿದ್ದೋರನ್ನ ಎತ್ತಂಗಡಿ ಮಾಡೋಕೆ ಬಂದಾಗ, ಅವರು ದೇಶದ ಅತಿ ದೊಡ್ಡ ಕೋರ್ಟಿಗೆ ಹೋದ್ರು. ಸಂವಿಧಾನದಲ್ಲಿ ಜೀವಿಸೋ ಹಕ್ಕು ಅಂತ ಇದೆಯಲ್ಲ, ಹೊಟ್ಟೆಪಾಡೂ ಅದರಲ್ಲೇ ಸೇರಿದೆ ಅಂತ ಕೋರ್ಟು ಹೇಳ್ತು. ಫುಟ್‌ಪಾತ್ ನಿಮ್ಮದೇ ಅನ್ನಲಿಲ್ಲ. ಆದ್ರೆ ಎಬ್ಬಿಸೋ ಮೊದ್ಲು ನೋಟಿಸ್ ಕೊಡಬೇಕು, ನಿಮ್ಮ ಮಾತೂ ಕೇಳಬೇಕು ಅಂತು."

"ಕೋರ್ಟು ಕಚೇರಿ ಎಲ್ಲ ದೊಡ್ಡೋರಿಗೆ ಬಿಡಿ."

"ಆ ಕೇಸು ಹಾಕಿದೋರೆಲ್ಲ ದೊಡ್ಡೋರಲ್ಲಪ್ಪ. ಫುಟ್‌ಪಾತಲ್ಲಿದ್ದ ನಿಮ್ಮಂಥೋರೂ ಹಾಕಿದ್ರು."

ಗಂಡ ತಲೆ ಮೇಲಿಂದ ಕೈ ತೆಗೆದ.

ಮರುದಿನ ಮೂವರೂ ನಗರಸಭೆಗೆ ಹೋದರು. ಹಿತ್ತಲಲ್ಲಿ ಗಾಡಿ ಅಡ್ಡಬಿದ್ದಿತ್ತು, ಪೆಟ್ಟಿಗೆ ಬಟ್ಟೆಗಳ ಮೇಲೆ ಮಗುಚಿತ್ತು. ಇಸ್ತ್ರಿ ಅಕ್ಕ ಕರಿ ಕೋಟನ್ನು ಎಳೆದು ನೋಡಿದಳು. ಬೆನ್ನಿಗೆ ಅಂಗೈ ಅಗಲದ ತೂತು.

"ತೆರವು ಅಂದ್ರೆ ತೆರವು. ನಿಮ್ಮನ್ನ ಕೇಳೋದೇನಿದೆ?" ಎಂದ ಒಳಗೆ ಮೇಜಿನ ಹಿಂದೆ ಕೂತಿದ್ದ ಅಧಿಕಾರಿ, ತಲೆಯನ್ನೂ ಎತ್ತದೆ.

ವಕೀಲಮ್ಮ ಬಾಯಿ ತೆರೆಯುವ ಮೊದಲೇ ಅಕ್ಕ ಕೋಟನ್ನು ಅವನ ಮೇಜಿನ ಮೇಲೆ ಹರಡಿದಳು. "ಕೆಂಡ ಇದೆ ಅಂತ ಬಡ್ಕೊಂಡೆ. ಒಂದು ನಿಮಿಷ ನನ್ನ ಮಾತು ಕೇಳಿದ್ರೆ ಇದು ಸುಡ್ತಿರ್ಲಿಲ್ಲ. ಕೇಳೋದೇನಿದೆ ಅಂತೀರಲ್ಲ, ಇದೇ ಇರೋದು."

"ಕೋರ್ಟು ಹೇಳಿರೋದೂ ಇದನ್ನೇ" ಎನ್ನುತ್ತ ವಕೀಲಮ್ಮ ತೀರ್ಪಿನ ಪ್ರತಿಯನ್ನು ಕೋಟಿನ ಪಕ್ಕದಲ್ಲಿಟ್ಟರು.

ಅಧಿಕಾರಿ ಓದಿದ, ಬೆವರೊರೆಸಿಕೊಂಡ. ಗಾಡಿ ಅಂದೇ ವಾಪಸು ಬಂತು. ಇನ್ನು ಮುಂದೆ ಏನೇ ಮಾಡುವುದಿದ್ದರೂ ನೋಟಿಸ್ ಕೊಟ್ಟು ವಿಚಾರಣೆ ನಡೆಸಿಯೇ ಎಂದು ಬರೆದುಕೊಟ್ಟ.

ಗಾಡಿ ತಳ್ಳುತ್ತ ಗಂಡ ಹೇಳಿದ, "ವಿಚಾರಣೆಗೆ ನಾನೂ ಬರ್ತೀನಿ ಕಣೇ. ನಂದೂ ನಾಲ್ಕು ಮಾತಿದೆ."

ಬಂಧುಗಳೇ, ನಿಮ್ಮ ಗಾಡಿಗೋ ಗೂಡಂಗಡಿಗೋ ಯಾರಾದರೂ ಕೈಹಾಕಿದರೆ ತಲೆ ತಗ್ಗಿಸಿ ನಿಲ್ಲಬೇಡಿ. ನೋಟಿಸ್ ಎಲ್ಲಿ ಎಂದು ಕೇಳಿ. ಉಚಿತ ಕಾನೂನು ನೆರವು ಕೇಂದ್ರದ ಬಾಗಿಲು ತಟ್ಟಿ. ಆ ತೀರ್ಪನ್ನು ಬೀದಿಯಲ್ಲಿ ಬದುಕಿದ ಜನ ಹೋರಾಡಿ ನಮಗೆ ಗಳಿಸಿಕೊಟ್ಟಿದ್ದಾರೆ. ಅದು ಪುಸ್ತಕದಲ್ಲಿ ಧೂಳು ತಿನ್ನುತ್ತ ಬಿದ್ದಿದ್ದರೆ ತಪ್ಪು ಅವರದಲ್ಲ, ನಮ್ಮದು.