ಆರಿಸಬಾರದ ಕಂಪ್ಯೂಟರ್

ಹಾನಗಲ್ಲಿನ ಭತ್ತ ಮಾರಾಟ ಸಂಘಕ್ಕೆ ಎಂಬತ್ತೇಳರ ದೀಪಾವಳಿಗೆ ಕಂಪ್ಯೂಟರ್ ಬಂತು. ಅದರ ಹಿಂದೆಯೇ ನನ್ನ ಮಗಳು ಶಾರವ್ವನಿಗೆ ಹಂಗಾಮಿ ಕೆಲಸವೂ ಬಂತು. ಹುಬ್ಬಳ್ಳಿಯ ಸೋದರತ್ತೆಯ ಮನೆಯಲ್ಲಿದ್ದು ಅದನ್ನು ಕಲಿತವಳು ಊರಲ್ಲಿ ಅವಳೊಬ್ಬಳೇ. ಮುಂದಿನ ದಸರೆ ಮುಗಿದ ಮೇಲೆ ಧಾರವಾಡದ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅವರು ಮೆಚ್ಚಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆ.

ಸಂಘದ ಅಧ್ಯಕ್ಷ ಕುಬೇರಪ್ಪನವರು ನೀರೆತ್ತುವ ಎಂಜಿನ್ನುಗಳನ್ನು ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟು ದೊಡ್ಡವರಾದವರು. ಯಂತ್ರ ಎಷ್ಟು ತಾಸು ಓಡಿತೋ ಅಷ್ಟು ದುಡಿಯಿತು ಎಂಬುದು ಅವರ ವೇದಾಂತ. ಕಂಪ್ಯೂಟರ್ ತಾನು ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂದು ತೋರಿಸಬಲ್ಲದೆಂದು ಶಾರವ್ವ ಒಮ್ಮೆ ಬಾಯಿ ತಪ್ಪಿ ಹೇಳಿದಳು. ಅಂದಿನಿಂದ ಪರದೆಯ ಮೇಲೆ ಆ ಎಣಿಕೆಯೊಂದೇ. ಯಂತ್ರ ಆರಿಸಿದರೆ ಎಣಿಕೆ ಸೊನ್ನೆಗೆ ಬರುತ್ತಿತ್ತು, ಬೇರೆ ಕೆಲಸ ಹಚ್ಚಿದರೂ ಬರುತ್ತಿತ್ತು. ಹೀಗಾಗಿ ಎರಡೂ ನಿಷಿದ್ಧವಾದವು. ಕರೆಂಟು ಹೋದೀತೆಂದು ಹೊರಗೆ ಜನರೇಟರ್ ಕೂಡ ಬಂತು. ಭತ್ತದ ಬಿಲ್ಲುಗಳನ್ನು ಮೊದಲಿನಂತೆಯೇ ಕೈಯಲ್ಲಿ ಬರೆಯುತ್ತಿದ್ದರು. ಶಾರವ್ವ ಪರದೆಯ ಮುಂದೆ ಕುಳಿತು ಸಂಜೆಗೆ ಕಣ್ಣು ಕೆಂಪು ಮಾಡಿಕೊಂಡು ಬರುತ್ತಿದ್ದಳು.

ನಮ್ಮ ಒಲೆ ದಿನಕ್ಕೆ ನಾಲ್ಕು ಸಲ ಆರುತ್ತದೆ, ನಾಲ್ಕು ಸಲ ಹೊತ್ತುತ್ತದೆ. ರೊಟ್ಟಿ ಆಯಿತೇ ಎಂದು ಕೇಳುತ್ತಾರೆಯೇ ಹೊರತು ಒಲೆ ಎಷ್ಟು ತಾಸು ಉರಿಯಿತೆಂದು ಯಾರೂ ಕೇಳಿದ್ದಿಲ್ಲ. ಆದರೆ ಸಂಘ ನಡೆಸುವವರು ಒಲೆ ಹಚ್ಚಿದವರಲ್ಲವಲ್ಲ.

ಆಯುಧಪೂಜೆಯ ಖಂಡೇನವಮಿ ಬಂತು. ಕಂಪ್ಯೂಟರಿನ ಮುಂದೆ ಕಾಯಿ ಒಡೆಯಲು ನಿಂತ ಜವಾನ ಮಾಳಪ್ಪ ಕೈ ಕೆಳಗಿಳಿಸಿದ.

"ಓಡೋ ಯಂತ್ರಕ್ಕ ಪೂಜಿ ಮಾಡಬಾರದ್ರಿ, ಅಧ್ಯಕ್ಷರ. ಇವತ್ತ ಕುಡಗೋಲಿಗೂ ಸೂಟಿ ಐತಿ."

ಕುಬೇರಪ್ಪನವರು ಬೆವರಿದರು. ನಿಲ್ಲಿಸಿದರೆ ಎಣಿಕೆ ಹೋಗುತ್ತದೆ, ನಿಲ್ಲಿಸದಿದ್ದರೆ ಪೂಜೆ ತಪ್ಪಿದ ಯಂತ್ರ ರಕ್ತ ಕೇಳುತ್ತದೆ. ರಕ್ತ ಯಾರದೆಂದು ಯೋಚಿಸಿರಬೇಕು, ಕೊನೆಗೆ ನಿಲ್ಲಿಸಲು ಒಪ್ಪಿದರು. ಪೂಜೆ ಮುಗಿಸಿ ಹಚ್ಚಿದರೆ ಪರದೆಯ ಮೇಲೆ ಸೊನ್ನೆ.

ಸಾಹೇಬರು ಬರಲು ಒಂದು ವಾರವೂ ಇರಲಿಲ್ಲ. ಹೋದ ಎಣಿಕೆಯನ್ನು ಮರಳಿ ಕೂಡಿಸು, ಇಲ್ಲದಿದ್ದರೆ ನಿನ್ನ ಖಾಯಂ ಮರೆತುಬಿಡು ಎಂದರು ಕುಬೇರಪ್ಪನವರು. ದಾರಿಯೇನೋ ಇತ್ತು. ಯಂತ್ರ ಶುರುವಾಗುವಾಗ ತಾರೀಖನ್ನು ನಾವೇ ಹೇಳಬೇಕು. ಮೊದಲು ಹಳೆಯ ತಾರೀಖು ಹೇಳಿ, ಆಮೇಲೆ ಇಂದಿನದಕ್ಕೆ ತಿದ್ದಿದರೆ ನಡುವಿನ ಕಾಲವೆಲ್ಲ ದುಡಿಮೆಯೆಂದೇ ಕಾಣುತ್ತದೆ. ಶಾರವ್ವ ಹೋದ ದೀಪಾವಳಿಯ ತಾರೀಖು ಹೊಡೆಯಲು ಹೋದಳು. ಕುಬೇರಪ್ಪನವರು ತಡೆದರು.

"ಸುಳ್ಳ ಹೇಳೂದಂದ್ರ ಹೊಟ್ಟಿತುಂಬ ಹೇಳಬೇಕ, ತಂಗಿ. ಅದರಾಗೂ ಜಿಪುಣತನ ಯಾಕ? ಇನ್ನೂ ಹಿಂದ ಹೋಗು."

"ಯಂತ್ರ ಬಂದು ಇನ್ನ ವರ್ಷ ಆಗಿಲ್ರಿ, ಕಾಕಾರ."

"ಅದು ನಿನಗ ಗೊತ್ತು, ನನಗ ಗೊತ್ತು. ಸಾಹೇಬ್ರಿಗೆ ಯಾಕ ಗೊತ್ತಾಗಬೇಕು?"

ಎಂಬತ್ತನೆಯ ಇಸವಿಗಿಂತ ಹಿಂದೆ ಹೋಗಲು ಯಂತ್ರವೇ ಒಪ್ಪಲಿಲ್ಲ. ಅದಕ್ಕಾದರೂ ನಾಚಿಕೆ ಇತ್ತು.

ಸಾಹೇಬರು ಬಂದರು. ಚಹಾ ಕುಡಿಯುತ್ತ ಪರದೆಯನ್ನು ದಿಟ್ಟಿಸಿ ನೋಡಿದರು. ಎಂಟು ವರ್ಷ ಒಂದೇ ಸಮ ಓಡಿದೆ. ಅವರ ಕಚೇರಿಯ ಜೀಪು ಅಷ್ಟು ಓಡಿದಾಗ ಗುಜರಿಗೆ ಹಾಕಿದ್ದರಂತೆ. ಅಲ್ಲಿಯೇ ಷರಾ ಬರೆದರು: ಯಂತ್ರ ದುಡಿದು ಸವೆದಿದೆ, ಹೊಸದನ್ನು ಕೊಡುವುದು, ಇಷ್ಟು ಕಾಲ ನಡೆಸಿದ ಸಿಬ್ಬಂದಿಯನ್ನು ಖಾಯಂ ಮಾಡುವುದು. ಖರೀದಿಯ ರಸೀತಿಯನ್ನು ಯಾರೂ ಕೇಳಲಿಲ್ಲ.

ಶಾರವ್ವ ಮನೆಗೆ ಬಂದು, ಖಾಯಂ ಆಯಿತೆಂದು ಹೇಳಿ, ಅತ್ತಳು. ನಾನು ಹಿಟ್ಟಿನ ಕೈಯಲ್ಲೇ ಅವಳ ತಲೆ ಸವರಿದೆ.

ಹೊಸ ಕಂಪ್ಯೂಟರ್ ಈಗ ಸಂಘದ ಮುಂದಿನ ಕೋಣೆಯಲ್ಲಿ ಹಾರ ಹಾಕಿಕೊಂಡು ತನ್ನ ತಾಸುಗಳನ್ನು ಎಣಿಸುತ್ತಿದೆ. ಅದನ್ನು ಯಾರೂ ಮುಟ್ಟುವಂತಿಲ್ಲ. ಗುಜರಿಯೆಂದು ಬರೆದದ್ದನ್ನು ಹಿಂದಿನ ಕೋಣೆಯಲ್ಲಿ ಖಾಲಿ ಗೋಣಿಚೀಲಗಳ ನಡುವೆ ಇಟ್ಟಿದ್ದಾರೆ. ಅದು ಎಷ್ಟು ಓಡಿತೆಂದು ಕೇಳುವವರು ಈಗ ಯಾರೂ ಇಲ್ಲ. ಆದ್ದರಿಂದ ಊರಿನ ಭತ್ತದ ಬಿಲ್ಲುಗಳನ್ನೆಲ್ಲ ಮಗಳು ಅದರಲ್ಲೇ ತೆಗೆಯುತ್ತಾಳೆ, ಕೆಲಸ ಮುಗಿದೊಡನೆ ಆರಿಸಿ ಊಟಕ್ಕೆ ಬರುತ್ತಾಳೆ.